ದೈತ್ಯನ ಗದ್ದಲದಲ್ಲಿ ಕೇಳಿದ್ದು

ವಿಭಾ ದಿನವಿಡೀ ಕೊರಿಯಾದ ಸಿನಿಮಾ ನೋಡುತ್ತಾಳೆ ಎಂದರೆ ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚುಪಡುತ್ತಿದ್ದರು. ನೋಡುವುದಲ್ಲ, ಕೇಳುವುದು ಎಂದು ಅವಳು ತಿದ್ದಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕಿವಿ ಕೇಳದವರು ಸಿನಿಮಾ ನೋಡುವಾಗ ತೆರೆಯ ಕೆಳಗೆ ಮಾತಿನ ಜೊತೆಗೆ ಶಬ್ದಗಳೂ ಅಕ್ಷರಗಳಾಗಿ ಬರುತ್ತವಲ್ಲ, ಕೆಟಲ್ ಕುದಿಯಿತು, ದೂರದಲ್ಲಿ ನಾಯಿ ಬೊಗಳಿತು ಎಂದು? ಅವನ್ನು ಬರೆಯುವುದು ಅವಳ ಕೆಲಸ. ಲಂಡನ್ನಿನ ಗ್ರೀನ್‌ಫರ್ಡಿನ ಕೈಗಾರಿಕಾ ಪ್ರದೇಶದಲ್ಲಿ, ಟೈಲ್ಸ್ ಗೋದಾಮಿಗೂ ಬೇಕರಿಗೂ ನಡುವೆ, ಕಿಟಕಿಯಿಲ್ಲದ ಒಂದು ಪುಟ್ಟ ಸ್ಟುಡಿಯೋ ಇತ್ತು. ಅಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿ ಕೂತರೆ ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿರಲಿಲ್ಲ.

ಧಾರವಾಡದಲ್ಲಿ ಹುಟ್ಟಿ, ಮೈಸೂರಿನಲ್ಲಿ ಶ್ರವಣವಿಜ್ಞಾನ ಓದಿ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಆರು ವರ್ಷ ಮಕ್ಕಳ ಕಿವಿ ಪರೀಕ್ಷೆ ಮಾಡಿದವಳು ಅವಳು. ಬೆಂಗಳೂರಿನ ಸುಧೀರನನ್ನು ಮದುವೆಯಾಗಿ ಅವನ ವರ್ಕ್ ವೀಸಾದ ಬೆನ್ನಿಗೆ ಲಂಡನ್ನಿಗೆ ಬಂದಾಗ ಇಲ್ಲಿ ಮತ್ತೆ ಪರೀಕ್ಷೆ ಕಟ್ಟಬೇಕು ಎಂದರು. ಅಷ್ಟರಲ್ಲಿ ಚಿನ್ಮಯಿ ಹುಟ್ಟಿದಳು. ಪರೀಕ್ಷೆ ಹಿಂದೆ ಬಿತ್ತು, ಕಿವಿ ಮಾತ್ರ ಜೊತೆಗುಳಿಯಿತು. ಎಂಟು ವರ್ಷದ ಹಿಂದೆ ಜಾಹೀರಾತು ನೋಡಿ ಈ ಕೆಲಸಕ್ಕೆ ಸೇರಿದ್ದಳು.

ಸ್ಟುಡಿಯೋಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಕೊರಿಯಾದ ಚಿತ್ರಗಳೇ. ದೈತ್ಯ ಪ್ರಾಣಿಗಳ ಚಿತ್ರವಾದರೆ ಕೆಲಸ ಜಾಸ್ತಿ. ಒಂದೊಂದು ಘರ್ಜನೆಗೂ ಒಂದೊಂದು ಹೆಸರು ಹುಡುಕಬೇಕು: ತಗಡು ಹರಿದಂಥದ್ದು, ಬಾವಿಯೊಳಗಿನಿಂದ ಬಂದಂಥದ್ದು. ಗಂಡ-ಹೆಂಡಿರ, ಪ್ರೇಮಿಗಳ ಚಿತ್ರವಾದರೆ ಬೇರೆಯದೇ ಕಷ್ಟ. ಅಲ್ಲಿ ಇಬ್ಬರು ಎದುರುಬದುರು ಕೂತು ನೂಡಲ್ಸ್ ತಿನ್ನುತ್ತಾರೆ. ಹತ್ತು ನಿಮಿಷ ಮಾತಿಲ್ಲ. ಚಾಪ್‌ಸ್ಟಿಕ್ಕನ್ನು ಮೇಜಿನ ಮೇಲಿಟ್ಟ ಸದ್ದಿನಲ್ಲೇ ಸಂಬಂಧ ಮುಗಿದಿರುತ್ತದೆ, ಅದನ್ನು ಕೇಳದವರಿಗೆ ಹೇಗೆ ತಿಳಿಸುವುದು? ಮಾತು ನಿಂತ ಮನೆಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆ ಎಷ್ಟು ದೊಡ್ಡದು ಎಂದು ವಿಭಾಗೆ ಗೊತ್ತಾದದ್ದು ಆ ಚಿತ್ರಗಳಿಂದಲೇ. ಒಮ್ಮೊಮ್ಮೆ ಮನೆಗೆ ಬಂದು, ಸುಧೀರ ಲ್ಯಾಪ್‌ಟಾಪಿನಲ್ಲಿ ಮುಳುಗಿರುವಾಗ, ಸುಮ್ಮನೆ ಏನಾದರೊಂದು ಮಾತು ತೆಗೆಯುತ್ತಿದ್ದಳು.

ಕೊರಿಯನ್ ಭಾಷೆಯೂ ತಾನಾಗಿ ಕಿವಿಗೆ ಹತ್ತಿತ್ತು. ಅಲ್ಲಿಯ ಮಕ್ಕಳೂ ತಂದೆಯನ್ನು ‘ಅಪ್ಪಾ’ ಎಂದೇ ಕೂಗುತ್ತಾರೆ. ತಾಯಿಗೆ ಅನ್ನುವ ಶಬ್ದ ಮೊದಲ ಸಲ ಕೇಳಿದಾಗ ‘ಅಮ್ಮ’ ಎಂದೇ ಅನ್ನಿಸುತ್ತದೆ. ಹೊಸದರಲ್ಲಿ ಪ್ರತಿ ಸಲವೂ ಬೆಚ್ಚಿ ತಲೆಯೆತ್ತುತ್ತಿದ್ದಳು. ಆಮೇಲೆ ರೂಢಿಯಾಯಿತು. ಹಾಗಾಗಿ ಆ ನವೆಂಬರಿನ ಮಧ್ಯಾಹ್ನ, ಹಳೆಯ ಚಿತ್ರವೊಂದರಲ್ಲಿ ಓಡುವ ಜನರ ನಡುವಿನಿಂದ ಯಾರೋ ‘ಅಪ್ಪಾ’ ಎಂದು ಚೀರಿದಾಗ ಅವಳ ಬೆರಳು ಕೀಲಿಮಣೆಯ ಮೇಲೆ ನಿಲ್ಲಲಿಲ್ಲ.

ಅದು ಸಾವಿರದ ಒಂಬೈನೂರ ಅರವತ್ತೆಂಟರ ಕಪ್ಪು-ಬಿಳುಪು ಚಿತ್ರ. ಸಮುದ್ರದಂಚಿನ ಉಪ್ಪಿನ ಮಡಿಗಳಿಂದ ದೈತ್ಯವೊಂದು ಎದ್ದು ಊರು ತುಳಿಯುತ್ತದೆ. ಮೂಲ ಕೊರಿಯನ್ ಪ್ರತಿ ಕಳೆದುಹೋಗಿ, ಎಪ್ಪತ್ತೊಂದರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಡಬ್ ಮಾಡಿದ ಒಂದೇ ಒಂದು ಪ್ರತಿ ಉಳಿದಿತ್ತು. ಅದನ್ನೀಗ ತೊಳೆದು, ತೇಪೆ ಹಾಕಿ, ಚಿತ್ರೋತ್ಸವಕ್ಕೆ ಸಿದ್ಧಪಡಿಸುತ್ತಿದ್ದರು. ಧ್ವನಿ ಶುದ್ಧಮಾಡುತ್ತಿದ್ದವಳು ಹೇಜಿನ್, ಲಂಡನ್ನಿನ ನ್ಯೂ ಮಾಲ್ಡನ್ನಿನಲ್ಲೇ ಬೆಳೆದ ಕೊರಿಯನ್ ಹುಡುಗಿ, ಪಕ್ಕದ ಬೂತಿನವಳು.

‘ಅಪ್ಪಾ’ ಆದ ನಾಲ್ಕು ಸೆಕೆಂಡಿಗೆ ಅದೇ ದನಿ ಮತ್ತೆ ಕೇಳಿತು.

“ಕೀಲಿಕೈ ನನ್ನ ಕೈಯಾಗ ಅದ! ಬಿಡ್ರಿ ನನ್ನ!”

ವಿಭಾ ಚಿತ್ರ ನಿಲ್ಲಿಸಿದಳು. ತೆರೆಯ ಮೇಲೆ ಕಾಲೆತ್ತಿದ ದೈತ್ಯ, ಅದರ ಕೆಳಗೆ ಬಾಯಿ ತೆರೆದು ನಿಂತ ಕೊರಿಯಾದ ಜನ. ಹಿಂದಕ್ಕೆ ಹೋಗಿ ಮತ್ತೆ ಹಾಕಿದಳು. ಮತ್ತೆ ಅದೇ. ಕಿವಿ ಮೋಸ ಮಾಡುತ್ತಿದೆ ಎಂದುಕೊಂಡಳು. ಅರ್ಥವಿಲ್ಲದ ಗದ್ದಲದಲ್ಲಿ ಮನಸ್ಸು ತನ್ನ ಭಾಷೆಯನ್ನು ಹುಡುಕಿಕೊಳ್ಳುತ್ತದೆ, ಇದನ್ನು ಓದಿದ್ದಳು, ರೋಗಿಗಳಿಗೆ ಹೇಳಿಯೂ ಇದ್ದಳು. ಆದರೆ ಮನಸ್ಸು ಹುಡುಕಿಕೊಂಡದ್ದಾದರೆ ಧಾರವಾಡದ ಅಗ್ರಹಾರದ ಹೆಂಗಸರು ಎಳೆಯುವ ಹಾಗೆ ಆ ‘ಅದ’ವನ್ನು ಎಳೆಯುತ್ತಿತ್ತೇ? ಅವಳ ತೋಳಿನ ರೋಮ ನಿಂತವು.

ಹೇಜಿನ್‌ಳನ್ನು ಕರೆದು ಕೇಳಿಸಿದಳು. ಅವಳು ಕಣ್ಣು ಮುಚ್ಚಿ ಕೇಳಿ, “ನನಗೆ ಬರೀ ಕಿರುಚಾಟ,” ಅಂದಳು ಇಂಗ್ಲಿಷಿನಲ್ಲಿ. “ಆದರೆ ಇದು ಕೊರಿಯನ್ ಅಲ್ಲ, ಅಷ್ಟು ಹೇಳಬಲ್ಲೆ. ಈ ಪ್ರತಿಗೆ ಮೂಲದ ಗದ್ದಲ ಸಿಕ್ಕಿರಲಿಲ್ಲವಂತೆ. ಸೋಹೋದ ಯಾವುದೋ ಸ್ಟುಡಿಯೋದಲ್ಲಿ ಯಾರನ್ನೋ ಹಿಡಿದು ತಂದು ಹೊಸದಾಗಿ ಚೀರಿಸಿದ್ದಾರೆ. ನಾಳೆ ಆ ದನಿಯನ್ನು ಬೇರೆ ಮಾಡಿಕೊಡುತ್ತೇನೆ.”

ಮರುದಿನ ಕೊಟ್ಟಳು. ದೈತ್ಯನ ಕೂಗು, ಕಟ್ಟಡ ಕುಸಿಯುವ ಸದ್ದು, ಬೇರೆಯವರ ಕಿರುಚಾಟ, ಸಂಗೀತ ಎಲ್ಲವನ್ನೂ ಸೋಸಿ ತೆಗೆದ ಮೇಲೆ ಉಳಿದದ್ದು ಮೂರೂ ಮುಕ್ಕಾಲು ನಿಮಿಷ. ಅದರಲ್ಲಿ ಒಬ್ಬಳು ಎಳೆಯ ಹೆಂಗಸು ಒಂದೇ ಉಸಿರಿಗೆ ಕನ್ನಡದಲ್ಲಿ ಕೂಗುತ್ತಿದ್ದಳು.

“ಇಂದೂ… ಕಿಡಕಿ ಒಡಿ, ಇಂದೂ! ಬಂದೆ, ಬಂದೆ… ಹೊಗಿ ತುಂಬೇದ, ಏನೂ ಕಾಣವಲ್ತು… ನಾನೇ ಕೀಲಿ ಹಾಕೇನ್ರಿ, ನಾನೇ ಹಾಕೇನಿ, ಹೊರಗಿಂದ ಹಾಕೇನಿ, ಆಕಿ ಒಳಗ ಇದ್ದಾಳ… ಅಪ್ಪಾ, ನನ್ನ ಬಿಡ್ಸು… ಕೀಲಿಕೈ ನನ್ನ ಕೈಯಾಗ ಅದ…”

ಇದು ನಟನೆಯಲ್ಲ. ಆರು ವರ್ಷ ಕೂಗುವ ಮಕ್ಕಳ ನಡುವೆ ಕೆಲಸ ಮಾಡಿದವಳಿಗೆ ಸುಳ್ಳು ಅಳು ಯಾವುದು, ನಿಜದ ಅಳು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಿಭಾ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದಳು. ಮೂರೂವರೆಗೇ ಬೆಳಕು ಮಾಸಿತ್ತು. ಬೇಕರಿಯ ಲಾರಿ ಹಿಂದೆ ಸರಿಯುತ್ತ ಬೀಪ್ ಬೀಪ್ ಅನ್ನುತ್ತಿತ್ತು. ಆ ಬೀಪಿನ ನಡುವೆಯೂ ಅವಳಿಗೆ ‘ಇಂದೂ’ ಎಂದು ಕೇಳಿದಂತಾಯಿತು.

ಆ ಸಂಜೆ ಊಟದ ಮೇಜಿನಲ್ಲಿ ಹೇಳಿದಳು. ಚಿನ್ಮಯಿ ಚಮಚ ಬಾಯಲ್ಲೇ ಹಿಡಿದು, “ಅಮ್ಮಾ, ದಟ್ಸ್ ಸೋ ಕ್ರೀಪಿ,” ಅಂದಳು.

ಸುಧೀರ ತಲೆಯೆತ್ತಿದ. “ಐವತ್ತು ವರ್ಷದ ಹಿಂದಿನ ಮಾತು. ನಿಂಗ್ಯಾಕೆ ಬೇಕಿತ್ತು ಇದು? ಜನ ಕಿರುಚ್ತಾರೆ ಅಂತ ಬರ್ದು ಕಳಿಸ್ಬಿಡು.”

“ಬರದೆ. ಬರದ ಮ್ಯಾಲೂ ಕೇಳ್ತದ.”

ಅವನು ಎದ್ದು ತಟ್ಟೆ ತೊಳೆಯಲಿಟ್ಟ. ಆಮೇಲೆ ಅವನೇ ಅಂದ: “ಪಿನ್ನರಲ್ಲಿ ಡಾಕ್ಟರ್ ಜಗದೇವಪ್ಪ ಇದಾರಲ್ಲ. ಹಳಬ್ರು. ಆಗಿನ ಕಾಲದವ್ರೆಲ್ಲ ಗೊತ್ತು ಅವ್ರಿಗೆ. ಕೇಳು.”

ಜಗದೇವಪ್ಪ ಅರವತ್ತೇಳರಲ್ಲಿ ಬಂದವರು, ಈಗ ಎಂಬತ್ತನಾಲ್ಕು. ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಜೋಡಿಸುತ್ತ ಮುಪ್ಪಾದವರು. ಯುಗಾದಿಗೆ ಸೇರುವ ಕನ್ನಡಿಗರಲ್ಲಿ ಯಾರ ಮಗ ಯಾರ ಅಳಿಯ ಎಂದು ಪುಸ್ತಕವಿಲ್ಲದೆ ಹೇಳುತ್ತಿದ್ದರು. ವಿಭಾಗೆ ಚಹಾ ತಾವೇ ಮಾಡಿ ತಂದಿಟ್ಟರು. ಬೆಂಕಿಯಲ್ಲಿ ಸತ್ತ ಇಂದು ಎಂಬ ಹುಡುಗಿ ಯಾರಾದರೂ ಇದ್ದರೇ ಎಂದು ಅವಳು ಕೇಳಿದಾಗ ಅವರು ಕೈಯಲ್ಲಿದ್ದ ಕಪ್ಪನ್ನು ಬಸಿಯ ಮೇಲಿಟ್ಟರು.

“ಆ ಹೆಸರು ನಿನಗ ಯಾರ ಹೇಳಿದ್ರವ್ವ?”

“ಒಂದು ಹಳೀ ಸಿನಿಮಾದಾಗ ಕೇಳಿದೆ ಕಾಕಾ.”

ಅವರು ಅದನ್ನು ತಮಾಷೆ ಎಂದುಕೊಂಡರೋ ಏನೋ, ಬಿಡಿಸಿ ಕೇಳಲಿಲ್ಲ. “ಇಲ್ಲೇ ಲಂಡನ್ನಿನ ಈಸ್ಟ್ ಹ್ಯಾಮಿನ್ಯಾಗ. ಎಪ್ಪತ್ತನೇ ಇಸವಿ, ಡಿಸೆಂಬರ್. ನರ್ಸ್ ಟ್ರೇನಿಂಗಿಗೆ ಅಂತ ಬಂದಿದ್ಲು, ಇಪ್ಪತ್ಮೂರು ವಯಸ್ಸು. ಚಿಮಣಿ ಎಣ್ಣಿ ಹೀಟರ್ ಉಳ್ಳಿಬಿದ್ದು ಇಡೀ ರೂಮ್ ಹತ್ತಿತ್ತು. ಹೆಣದ ಹಿಂದ ನಾವು ಹನ್ನೊಂದ ಮಂದಿ. ಮಲಗಿದ್ಲು, ಎಚ್ಚರಾಗಲೇ ಇಲ್ಲ ಅಂತ ಅವರ ಅವ್ವಗ ಪತ್ರ ನಾನ ಬರದೆ.”

“ಆಕಿ ಜೋಡಿ ಯಾರಿದ್ರು?”

“ರೂಮ್ ಆಕಿದಲ್ಲ. ಚಂದ್ರಿಕಾಂದು. ಚಂದ್ರಿಕಾ ಅವತ್ತ ಡ್ಯೂಟಿಯಾಗ ಇದ್ಲು.” ಜಗದೇವಪ್ಪ ಕಿಟಕಿಯತ್ತ ಗದ್ದ ತೋರಿಸಿದರು. “ಇಲ್ಲೇ, ಎರಡ ಓಣಿ ಹಿಂದ ಇದ್ದಾಳ. ಗಂಡ ತೀರಿಹೋದ. ಆದ್ರ ನೋಡವ್ವ, ಆಕಿ ಅದರ ಬಗ್ಗೆ ಒಂದ ಶಬ್ದ ಮಾತಾಡಿದ್ದು ನಾ ಇವತ್ತಿನ ತನಕ ಕೇಳಿಲ್ಲ.”

ಹೋಗಬೇಕೋ ಬೇಡವೋ ಎಂದು ವಿಭಾ ಎರಡು ವಾರ ಹೊಯ್ದಾಡಿದಳು. ಆ ಎರಡು ವಾರದಲ್ಲಿ ಬೇರೊಂದು ಚಿತ್ರ ಮುಗಿಸಬೇಕಿತ್ತು. ವಿಚ್ಛೇದನಕ್ಕೆ ನಿಂತ ದಂಪತಿ ಖಾಲಿ ಮನೆಯಲ್ಲಿ ಸಾಮಾನು ಹಂಚಿಕೊಳ್ಳುವ ಕಥೆ. ಮಾತೇ ಇಲ್ಲ. ಅಂಥ ಮೌನದಲ್ಲಿ ಮೊದಲೆಲ್ಲ ಅವಳಿಗೆ ಗಡಿಯಾರ, ನಲ್ಲಿ, ಉಸಿರು ಕೇಳುತ್ತಿದ್ದವು. ಈಗ ಅವುಗಳ ಹಿಂದೆ, ಬಹಳ ದೂರದಲ್ಲಿ, ಯಾರೋ ಮರದ ಹಲಗೆ ಬಡಿಯುತ್ತಿರುವಂತೆ ಕೇಳತೊಡಗಿತು. ಹೇಜಿನ್‌ಳನ್ನು ಕರೆದು ತೋರಿಸಿದರೆ ಪರದೆಯ ಮೇಲೆ ಧ್ವನಿಯ ಗೆರೆ ನೆಟ್ಟಗೆ ಮಲಗಿತ್ತು. ಅಲ್ಲಿ ಸದ್ದೇ ಇರಲಿಲ್ಲ. ಅಂದೇ ಅವಳು ಚಂದ್ರಿಕಾಗೆ ಫೋನು ಮಾಡಿ, ಶನಿವಾರ ಮಧ್ಯಾಹ್ನ ಬರಲೇ ಎಂದು ಕೇಳಿದಳು. ಧಾರವಾಡದವಳು ಎಂದದ್ದೇ ಸಾಕಾಯಿತು, ಬಾ ಅಂದರು.

ಆ ಮನೆಯೊಳಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಏನು ಎಂದು ತಿಳಿಯಲು ಕ್ಷಣ ಹಿಡಿಯಿತು. ಬೀದಿಬಾಗಿಲು ಬಿಟ್ಟರೆ ಒಳಗೆ ಎಲ್ಲಿಯೂ ಬಾಗಿಲುಗಳಿರಲಿಲ್ಲ. ಅಡುಗೆಮನೆಗಿಲ್ಲ, ಮಲಗುವ ಕೋಣೆಗಿಲ್ಲ. ಚೌಕಟ್ಟುಗಳಲ್ಲಿ ಬಾಗಿಲ ಕೀಲು ಕಿತ್ತ ಗುರುತುಗಳ ಮೇಲೆ ಬಿಳಿ ಬಣ್ಣ ಬಳಿದಿತ್ತು. ಬಚ್ಚಲಿಗೆ ಹೂವಿನ ಪರದೆಯೊಂದು ಇಳಿಬಿದ್ದಿತ್ತು. ಕೂತಲ್ಲಿಂದ ಇಡೀ ಮನೆ ಒಂದೇ ನೋಟಕ್ಕೆ ಕಾಣುತ್ತಿತ್ತು, ಕೊನೆಯ ಕೋಣೆಯ ಕತ್ತಲೆಯವರೆಗೂ.

ಚಂದ್ರಿಕಾ ಎತ್ತರದ ಹೆಂಗಸು, ಎಪ್ಪತ್ತಾರರಲ್ಲೂ ವಾರ್ಡ್ ಸಿಸ್ಟರಿನ ನೆಟ್ಟನೆಯ ಬೆನ್ನು. ಎರಡೂ ಕಿವಿಗೆ ಶ್ರವಣಯಂತ್ರ. ಬತ್ತಿದ ದನಿ. ಅದರಲ್ಲಿ ಆ ಎಳೆಯ ದನಿಯನ್ನು ಹುಡುಕುತ್ತ ವಿಭಾ ಹೇಗೆ ಶುರುಮಾಡಲಿ ಎಂದು ತಡವರಿಸಿದಳು. ಕೊನೆಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದಳು.

“ಒಂದು ಕೊರಿಯಾದ ಸಿನಿಮಾದಾಗ ನಿಮ್ಮ ಧ್ವನಿ ಕೇಳೇನ್ರಿ. ಉಪ್ಪಿನ ಮಡಿಯಿಂದ ದೈತ್ಯ ಏಳ್ತದಲ್ರಿ, ಅದರಾಗ.”

ಚಂದ್ರಿಕಾ ಅಲ್ಲಾಡಲಿಲ್ಲ. “ಅದು ಎಂದೋ ಹಾಳಾಗಿ ಹೋಗಿರ್ತದ ಅಂತ ತಿಳದಿದ್ದೆ,” ಅಂದರು. “ಎಷ್ಟ ಮಂದಿ ಕೇಳ್ಯಾರ?”

“ಕೇಳಿದವರು ಭಾಳ ಮಂದಿ ಇರಬೇಕು. ತಿಳಕೊಂಡಾಕಿ ನಾ ಒಬ್ಬಾಕಿ.”

ಆಮೇಲೆ ಅವರು ಹೇಳಿದರು.

ಈಸ್ಟ್ ಹ್ಯಾಮಿನ ಆ ಮನೆಯ ಮೂರನೆಯ ಮಹಡಿಯ ರೂಮು ಒಬ್ಬರಿಗೆ ಮಾತ್ರ ಎಂದು ಮನೆಯೊಡೆಯನ ಕಟ್ಟಪ್ಪಣೆಯಾಗಿತ್ತು. ಇಂದುವಿಗೆ ಬೇರೆ ಕೋಣೆ ಸಿಕ್ಕಿರಲಿಲ್ಲ. ಕರಿಯರಿಗೂ ಕಂದುಬಣ್ಣದವರಿಗೂ ಇಲ್ಲ ಎಂದು ಕಿಟಕಿಗೆ ಬರೆದು ಅಂಟಿಸುತ್ತಿದ್ದ ಕಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಇಬ್ಬರೂ ಧಾರವಾಡದ ಒಂದೇ ಶಾಲೆಯ ಗೆಳತಿಯರು. ಚಂದ್ರಿಕಾ ಅವಳನ್ನು ಗುಟ್ಟಾಗಿ ಇಟ್ಟುಕೊಂಡಳು. ತಾನು ಡ್ಯೂಟಿಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು, ಕೋಣೆ ಖಾಲಿ ಎಂದು ಮನೆಯೊಡೆಯ ತಿಳಿಯಲಿ ಎಂದು. ಒಳಗೆ ಇಂದು ಕಾಲಿನ ಸದ್ದೂ ಮಾಡದೆ ಓದಿಕೊಂಡು ಕೂರುವುದು. ಅವರಿಬ್ಬರಿಗೆ ಅದೊಂದು ಆಟದಂತಿತ್ತು. ಇದ್ದದ್ದು ಒಂದೇ ಕೀಲಿಕೈ.

“ಆ ದಿನ ನಾಕ ಗಂಟೆಕ್ಕ ನಾ ಡ್ಯೂಟಿ ಮುಗಿಸಿ ಬಂದೆ. ಹೈ ಸ್ಟ್ರೀಟಿನಿಂದನ ಹೊಗಿ ಕಂಡ್ತು. ಮೆಟ್ಲಾ ಹತ್ತಿದೆ, ಎರಡನೇ ಮಾಳಿಗೀ ತನಕ ಹೋದೆ. ಅಲ್ಲಿ ಇಬ್ಬರು ಗಂಡಸರು ನನ್ನ ಹಿಡಕೊಂಡ್ರು. ಕೀಲಿಕೈ ಕೈಯಾಗ ಇತ್ತು. ಆಕಿ ಬಾಗಲಾ ಬಡಿಯೋದು ಕೇಳ್ತಿತ್ತು. ಆಮ್ಯಾಲ ಕೇಳಲಿಲ್ಲ.” ಚಂದ್ರಿಕಾ ತಮ್ಮ ಬಲಗೈಯನ್ನು ತೆರೆದು ನೋಡಿಕೊಂಡರು. “ಪೊಲೀಸರಿಗೆ, ಆಕಿ ಹತ್ರನೂ ಒಂದ ಕೀಲಿಕೈ ಇತ್ತು, ಮಲಗಿದ್ಲು ಅಂತ ಹೇಳಿದೆ. ಎಲ್ಲಾರೂ ನಂಬಿದ್ರು. ಆಕಿ ಅವ್ವನೂ ನಂಬಿದ್ಲು.”

ಎರಡು ತಿಂಗಳಾದ ಮೇಲೆ ಜೊತೆಯ ನರ್ಸೊಬ್ಬಳು ಸೋಹೋಗೆ ಕರೆದೊಯ್ದಳು. ಸಿನಿಮಾಕ್ಕೆ ಜನ ಚೀರುವ ದನಿ ಬೇಕಂತೆ, ಒಂದು ಮಧ್ಯಾಹ್ನದ ಕೆಲಸ, ಬಾ, ಮನಸ್ಸಿಗೂ ಬದಲಾವಣೆ ಆಗುತ್ತದೆ ಎಂದು. ಕತ್ತಲೆಯ ಹಾಲಿನಲ್ಲಿ ಐದು ಜನ, ನಡುವೆ ಒಂದು ಮೈಕು. ನಿಮ್ಮ ನಿಮ್ಮ ಭಾಷೆಯಲ್ಲೇ ಕೂಗಿ, ಪರದೇಶದ ಊರಿನಂತೆ ಕೇಳಲಿ, ಯಾರಿಗೆ ತಿಳಿಯುತ್ತದೆ, ಎಂದು ಸೌಂಡಿನವನು ನಕ್ಕ. ದೀಪ ಆರಿತು. ಕೆಂಪು ಬಲ್ಬು ಹತ್ತಿತು. ಚಂದ್ರಿಕಾ ಕಣ್ಣು ಮುಚ್ಚಿದಳು.

“ಯಾರಿಗೆ ತಿಳೀತದ ಅಂದನಲ್ಲ, ಅದಕ್ಕ ಹೇಳಿದೆ,” ಅಂದರು. “ಅದೊಂದ ಸಲ ಹೇಳೇನಿ. ಗಂಡಗ ಹೇಳಿಲ್ಲ, ಮಗಗ ಹೇಳಿಲ್ಲ.” ಆಮೇಲೆ ಶ್ರವಣಯಂತ್ರಗಳನ್ನು ಒಂದೊಂದಾಗಿ ಕಿವಿಯಿಂದ ತೆಗೆದು ಸೆರಗಿನ ಮೇಲಿಟ್ಟುಕೊಂಡರು. “ತಂದೀ ಏನು? ಹಚ್ಚು.”

ವಿಭಾ ಹೆಡ್‌ಫೋನನ್ನು ಆ ಬಿಳಿಗೂದಲ ಮೇಲೆ ಇಟ್ಟು, ದನಿ ಏರಿಸಿ, ಗುಂಡಿ ಒತ್ತಿದಳು. ಮುಖದಲ್ಲಿ ಏನೂ ಕದಲಲಿಲ್ಲ. ಮುಗಿದಾಗ ಇನ್ನೊಮ್ಮೆ ಹಚ್ಚು ಅಂದರು. ಮತ್ತೆ ಇನ್ನೊಮ್ಮೆ. ಮೂರನೆಯ ಸಲದ ಕೊನೆಯಲ್ಲಿ ಚಂದ್ರಿಕಾ ತಟ್ಟನೆ ವಿಭಾಳ ಮುಂಗೈ ಹಿಡಿದರು. ಬೆರಳುಗಳು ಮಂಜಿನಂತೆ ತಣ್ಣಗಿದ್ದವು.

“ಎರಡನೇದಾಕಿ ಯಾರು?”

“ಯಾವ ಎರಡನೇದಾಕಿ?”

“ಮಾತಾಡ್ತಾಳಲ್ಲ. ಕಡೀಕ. ನಾ ಒದರೂ ಮುಂದ, ಮೆತ್ತಗ.”

ವಿಭಾ ಹೆಡ್‌ಫೋನ್ ತೆಗೆದುಕೊಂಡು ತಾನು ಹಾಕಿಕೊಂಡಳು. ಈ ಮೂರೂ ಮುಕ್ಕಾಲು ನಿಮಿಷವನ್ನು ಅವಳು ಐವತ್ತು ಸಲವಾದರೂ ಕೇಳಿದ್ದಳು. ಕೊನೆಯ ಹನ್ನೆರಡು ಸೆಕೆಂಡಿನಲ್ಲಿ ಕೂಗಿನ ತಳದಲ್ಲಿ ಏನೋ ಉಜ್ಜಿದಂಥ ಸದ್ದಿತ್ತು, ಬಟ್ಟೆ ಮೈಕಿಗೆ ತಾಗಿದ್ದು ಎಂದುಕೊಂಡಿದ್ದಳು. ಈಗ ಅದು ಬಿಡಿಸಿಕೊಂಡಿತು. ಕೂಗುತ್ತಿರಲಿಲ್ಲ, ಏದುಸಿರೂ ಇರಲಿಲ್ಲ. ಪಕ್ಕದಲ್ಲೇ ಕೂತು ಸಮಾಧಾನದಿಂದ ಹೇಳಿದಂತಿತ್ತು.

“ಚಂದ್ರೀ, ಬಾಗಲಾ ತಗದದ.”

ಒಮ್ಮೆ ಕೇಳಿದ ಮೇಲೆ ಅದನ್ನು ಬಟ್ಟೆಯ ಸದ್ದು ಎನ್ನುವುದು ಸಾಧ್ಯವಾಗಲಿಲ್ಲ.

ಬಾಗಿಲಿಲ್ಲದ ಆ ಮನೆಯಲ್ಲಿ ವಿಭಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೊರಗೆ ಯಾರೋ ಮಕ್ಕಳು ಸ್ಕೂಟರ್ ಉರುಳಿಸಿಕೊಂಡು ಹೋದರು. ಕೊನೆಯ ಕೋಣೆಯತ್ತ ನೋಡಬಾರದು ಎಂದು ವಿಭಾ ತನಗೆ ತಾನೇ ಹೇಳಿಕೊಂಡಳು. ನೋಡಿದಳು. ಅಲ್ಲಿ ಇಸ್ತ್ರಿ ಹಾಕುವ ಮೇಜು, ಅದರ ಮೇಲೆ ಮಡಿಸಿದ ಟವೆಲುಗಳು. ಅಷ್ಟೇ ಇದ್ದವು. ಅಷ್ಟೇ ಇವೆ ಎಂದು ಖಾತ್ರಿಯಾದ ಮೇಲೂ ಅವಳಿಗೆ ಬೆನ್ನು ತಿರುಗಿಸಿ ಕೂರಲಾಗಲಿಲ್ಲ.

ಸೋಮವಾರ ಹೇಜಿನ್ ಆ ಹನ್ನೆರಡು ಸೆಕೆಂಡನ್ನು ಹಿಗ್ಗಿಸಿ, ಕುಗ್ಗಿಸಿ, ಬಣ್ಣದ ಪಟ್ಟಿಗಳಾಗಿ ಮಾಡಿ ನೋಡಿದಳು. “ಎರಡು ದನಿ ಇವೆ,” ಅಂದಳು. “ಒಂದು ಇನ್ನೂ ಕೂಗುತ್ತಿರುವಾಗಲೇ ಇನ್ನೊಂದು ಮಾತಾಡುತ್ತಿದೆ. ಒಂದೇ ಗಂಟಲಿನಿಂದ ಒಂದೇ ಸಲಕ್ಕೆ ಬರಲಾರದು.” ವಿಭಾಳ ಮುಖ ನೋಡಿ ತಾನೇ ಸಮಾಧಾನ ಹೇಳಿದಳು: “ಇದಕ್ಕೆ ಕಾರಣ ಇದೆ. ಐದು ಜನ ಐವತ್ತಾಗಿ ಕೇಳಲಿ ಎಂದು ಆಗ ಎರಡು ಸಲ ಚೀರಿಸಿ, ಒಂದರ ಮೇಲೊಂದು ಹಾಸುತ್ತಿದ್ದರು. ಆಕೆ ಎರಡನೆಯ ಸಲ ಮೆಲ್ಲಗೆ ಇದನ್ನು ಹೇಳಿರುತ್ತಾರೆ, ಮರೆತಿರುತ್ತಾರೆ.”

ವಿಭಾಗೆ ಹೋದ ಜೀವ ಬಂದಂತಾಯಿತು. ಆ ಕೂಡಲೇ ಫೋನು ಮಾಡಿದಳು.

“ಎರಡು ಸಲ ಮಾಡಿಸಿದ್ದು ಖರೆ,” ಅಂದರು ಚಂದ್ರಿಕಾ. “ಆದ್ರ ಎರಡನೇ ಸಲ ನಾ ಅಲ್ಲಿದ್ದಿಲ್ಲ. ಮಾರಿ ತೊಳಕೊಳ್ಳಲಿಕ್ಕೆ ಬಚ್ಚಲಕ್ಕ ಹೋಗಿದ್ದೆ. ವಾಪಸ್ ಬರೂದ್ರಾಗ ಮುಗದಿತ್ತು.”

“ಅಲ್ಲಿ ಮತ್ಯಾರರೆ ಕನ್ನಡದವರು…”

“ಒಬ್ಬಾಕಿ ಜಮೈಕಾದಾಕಿ, ಒಬ್ಬಾಕಿ ಐರ್ಲಂಡಿನಾಕಿ, ಇಬ್ಬರು ಮಲಯಾದವರು.” “ವಿಭಾ, ಮುದುಕಿ ನೆನಪು, ಹೆಚ್ಚು ಕಡಿಮಿ ಇರ್ತದ ಅಂತ ನೀ ಅನಕೋಬಹುದು. ನಾನೂ ಎರಡ ದಿನ ಹಂಗ ಅನಕೊಂಡೆ. ಆದ್ರ ನನ್ನ ಚಂದ್ರೀ ಅಂತ ದೀರ್ಘ ಎಳದು ಕರೀತಿದ್ದಾಕಿ ಒಬ್ಬಾಕೀನ.”

ಮುಂದಿನ ವಾರ ಚಂದ್ರಿಕಾ ತಾವಾಗಿಯೇ ವಿಭಾಳನ್ನು ಕರೆಸಿಕೊಂಡರು. ಇಂದುವಿನ ತಮ್ಮ ಮುಕುಂದ ಧಾರವಾಡದಲ್ಲಿದ್ದ. ಅಕ್ಕ ಸತ್ತಾಗ ಹನ್ನೊಂದು ವರ್ಷದವನು, ಈಗ ನಿವೃತ್ತ ಶಾಲಾಮಾಸ್ತರ. ಅವನ ನಂಬರನ್ನು ಜಗದೇವಪ್ಪ ಎಲ್ಲಿಂದಲೋ ದೊರಕಿಸಿ ಕೊಟ್ಟಿದ್ದರು. “ನೀ ಬಾಜೂಕ ಕೂಡು,” ಅಂದರು. ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ನೆಟ್ಟಗೆ ಕೂತು, ರೋಗಿಯ ಮನೆಯವರಿಗೆ ಸುದ್ದಿ ಹೇಳುವ ಸಿಸ್ಟರಿನಂತೆ ಎಲ್ಲವನ್ನೂ ಹೇಳಿದರು. ಬೀಗ, ಕೀಲಿಕೈ, ಬಾಗಿಲು ಬಡಿದ ಸದ್ದು, ಪೊಲೀಸರಿಗೆ ಹೇಳಿದ ಸುಳ್ಳು. ಸಿನಿಮಾದ ದನಿಯ ಸಂಗತಿಯನ್ನೂ ಹೇಳಿದರು.

ಆ ಕಡೆ ತರಕಾರಿಯವನ ಕೂಗು, ಯಾರದೋ ಬೈಕು, ಧಾರವಾಡದ ಒಂದು ಓಣಿ ಪಿನ್ನರಿನ ಆ ಕೋಣೆಯಲ್ಲಿ ಕೇಳುತ್ತಿತ್ತು. ಆಮೇಲೆ ಮುಕುಂದ, “ನಮ್ಮವ್ವ ಸಾಯೂತನಕ ಒಂದ ಮಾತು ಅಂತಿದ್ಲು. ನನ್ನ ಮಗಳು ನಿದ್ದಿಯೊಳಗ ಹೋದ್ಲು, ಅದಷ್ಟರ ಪುಣ್ಯಾ ಅಂತ,” ಅಂದ. ಫೋನು ಇಟ್ಟುಬಿಟ್ಟ.

ಚಂದ್ರಿಕಾ ಅಳಲಿಲ್ಲ. ಎದ್ದು ಹೋಗಿ ಅನ್ನಕ್ಕಿಟ್ಟರು. ಆದರೂ ವಿಭಾ ದನಿಯ ಆ ತುಣುಕನ್ನು ಅವನ ನಂಬರಿಗೆ ಕಳಿಸಲೇ ಎಂದಾಗ ಹೂಂ ಎಂದು ತಲೆಯಾಡಿಸಿದರು.

ಒಂದು ತಿಂಗಳು ಉತ್ತರವಿರಲಿಲ್ಲ. ವಿಭಾಗೆ ತಾನು ಮಾಡಿದ್ದು ಸರಿಯೇ ಎಂಬ ಚಿಂತೆ ಹತ್ತಿತು. ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ಹೂತಿಟ್ಟದ್ದನ್ನು ಅಗೆದು ತೆಗೆದವಳು ತಾನು. ಒಬ್ಬ ಮುದುಕಿಯ ನೆಮ್ಮದಿಯೂ ಹೋಯಿತು, ಒಬ್ಬ ಮುದುಕನ ತಾಯಿಯ ಪುಣ್ಯವೂ ಹೋಯಿತು. ಸುಧೀರ ಈಗ ಸಂಜೆ ಅವಳ ಪಕ್ಕದಲ್ಲಿ ಬಂದು ಕೂರುತ್ತಿದ್ದ. ಜನವರಿಯ ಕೊನೆಗೆ ಚಂದ್ರಿಕಾ ಫೋನು ಮಾಡಿ, ಮುಕುಂದನಿಂದ ಬಂದ ಸಂದೇಶವನ್ನು ಓದಿ ಹೇಳಿದರು.

“ದಿನಾ ಕೇಳೇನಿ. ಅಕ್ಕನ ಧ್ವನಿ ನನಗ ನೆನಪಿಲ್ಲ, ಅದಕ್ಕ ಆಕೀದ ಹೌದು ಅಂತ ಹೇಳಲಾರೆ, ಅಲ್ಲ ಅಂತನೂ ಹೇಳಲಾರೆ. ಬಾಗಲಾ ತಗದದ ಅಂತ ಆಕೀನ ಅಂದಿದ್ರ, ಹಾಕಿಕೊಂಡು ಕೂಡಾಂವ ನಾ ಯಾರು?”

ಓದಿ ಮುಗಿಸಿದ ಮೇಲೆ ಚಂದ್ರಿಕಾ ಅತ್ತರು. ಬಹಳ ಹೊತ್ತು ಅತ್ತರು. ವಿಭಾ ಫೋನು ಹಿಡಿದುಕೊಂಡು ಗ್ರೀನ್‌ಫರ್ಡಿನ ಬಸ್ ಸ್ಟಾಪಿನಲ್ಲಿ ನಿಂತೇ ಇದ್ದಳು. ಎರಡು ಬಸ್ಸು ಹೋಗಲು ಬಿಟ್ಟಳು.

ಆ ದೃಶ್ಯಕ್ಕೆ ತೆರೆಯ ಕೆಳಗೆ ಏನು ಬರೆಯಬೇಕು ಎಂದು ಅವಳು ಚಂದ್ರಿಕಾರನ್ನೇ ಕೇಳಿದ್ದಳು. ನಿಯಮದ ಪ್ರಕಾರ ‘ಜನ ಚೀರುತ್ತಾರೆ’ ಎಂದರೆ ಸಾಕು. ಚಂದ್ರಿಕಾ ಯೋಚಿಸಿ, “ಹೆಸರು ಬರಿ. ಆಕೀದು. ನಂದು ಬ್ಯಾಡ,” ಅಂದಿದ್ದರು.

ಮಾರ್ಚಿನ ಒಂದು ಮಧ್ಯಾಹ್ನ, ನದಿಯ ದಕ್ಷಿಣದ ಚಿತ್ರಮಂದಿರವೊಂದರಲ್ಲಿ ಪ್ರದರ್ಶನ. ಸಭೆಯ ಅರ್ಧಪಾಲು ಜನ ಕಿವಿ ಕೇಳದವರು, ಕೈಸನ್ನೆಯಲ್ಲಿ ಹರಟುತ್ತ ಕೂತಿದ್ದರು. ಚಂದ್ರಿಕಾ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಬಂದಿದ್ದರು. ವಿಭಾ ಪಕ್ಕದಲ್ಲಿ, ಹೇಜಿನ್ ಅವಳಾಚೆ. ದೈತ್ಯ ಉಪ್ಪಿನ ಮಡಿಯಿಂದ ಎದ್ದಾಗ ಸಭೆ ನಕ್ಕಿತು. ರಬ್ಬರಿನ ಹೊಟ್ಟೆ ಮಡಿಕೆ ಬಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಊರಿಗೆ ಕಾಲಿಟ್ಟಿತು. ಜನ ಓಡಿದರು. ಚಂದ್ರಿಕಾ ಕುರ್ಚಿಯ ಕೈ ಹಿಡಿದರು. ಕೆಳಗೆ ಬಿಳಿ ಅಕ್ಷರಗಳು ಬಂದವು: ಜನ ಚೀರುತ್ತಾರೆ. ಒಬ್ಬಾಕೆ, ಕನ್ನಡದಲ್ಲಿ: ಇಂದೂ!

ಮುಂದಿನ ಸಾಲಿನಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳು ಪಕ್ಕದವಳತ್ತ ತಿರುಗಿ, ಬೆರಳುಗಳಿಂದ ಆ ಹೆಸರನ್ನು ಒಂದೊಂದಕ್ಷರವಾಗಿ ಬಿಡಿಸಿದಳು. ಪಕ್ಕದವಳು ಅದನ್ನು ಮರಳಿ ಬಿಡಿಸಿ ತೋರಿಸಿದಳು.

ಆ ಮೆತ್ತನೆಯ ದನಿ ಬರಬೇಕಾದ ಹನ್ನೆರಡು ಸೆಕೆಂಡು ಬಂದು ಹೋಯಿತು. ಅಷ್ಟು ದೊಡ್ಡ ಸ್ಪೀಕರುಗಳಲ್ಲಿ ವಿಭಾಗೆ ಏನೂ ಕೇಳಲಿಲ್ಲ, ಬಟ್ಟೆ ಉಜ್ಜಿದ ಸದ್ದು ಕೂಡ. ಅವಳು ಗಾಬರಿಯಿಂದ ಚಂದ್ರಿಕಾರತ್ತ ನೋಡಿದಳು. ಅವರು ತೆರೆಯ ಮೇಲೆ ಕುಸಿಯುತ್ತಿದ್ದ ದೈತ್ಯನನ್ನೇ ನೋಡುತ್ತಿದ್ದರು. ಅಂದು ಕಣ್ಣು ಮುಚ್ಚಿ ಕೂಗಿದ್ದರಿಂದ ಅದರ ಮುಖ ಅವರು ಕಂಡಿರಲೇ ಇಲ್ಲ.

“ಇದೇ ಏನು ಅದು?” ಅಂದರು ಮೆಲ್ಲಗೆ. “ಪಾಪ, ಎಷ್ಟ ಬಡಕಲು ಅದ.”

ಮರುದಿನ ಹೇಜಿನ್ ಮೂಲ ಫೈಲನ್ನು ತೆಗೆದು ನೋಡಿದಳು. ಎರಡನೆಯ ದನಿಯ ಪಟ್ಟಿ ಅಲ್ಲೇ ಇತ್ತು, ಮಸುಕಾಗಿ. ಚಿತ್ರಮಂದಿರದ ಯಂತ್ರ ಅಷ್ಟು ಸಣ್ಣದನ್ನು ಗದ್ದಲವೆಂದು ಸೋಸಿರಬೇಕು ಎಂದಳು. ವಿಭಾ ಮತ್ತೆ ಕೇಳಲು ಹೋಗಲಿಲ್ಲ. ಚಂದ್ರಿಕಾ ಮತ್ತು ಮುಕುಂದ ಈಗ ಭಾನುವಾರ ಬೆಳಿಗ್ಗೆ ಮಾತಾಡುತ್ತಾರಂತೆ, ಹೆಚ್ಚಾಗಿ ಮಂಡಿನೋವಿನ ಬಗ್ಗೆ.

ವಿಭಾ ಅದೇ ಬೂತಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಈ ವಾರ ಬಂದಿರುವುದು ಹೊಸ ಚಿತ್ರ. ಅಣ್ಣ ತಂಗಿ ಇಬ್ಬರು ಸತ್ತ ತಂದೆಯ ಅಂಗಡಿ ಖಾಲಿ ಮಾಡುತ್ತಾರೆ, ಇಡೀ ಚಿತ್ರದಲ್ಲಿ ಐವತ್ತು ಮಾತಿದ್ದರೆ ಹೆಚ್ಚು. ಮೌನಗಳಿಗೆ ಅವಳು ಮೊದಲಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತಾಳೆ ಎಂದು ಹೇಜಿನ್ ರೇಗಿಸುತ್ತಾಳೆ. ವಿಭಾ ಒಂದು ಕಿವಿಯ ಹೆಡ್‌ಫೋನ್ ಸರಿಸಿ, ಇನ್ನೈದು ನಿಮಿಷ ಎನ್ನುತ್ತಾಳೆ.